ಕಾಲಿಗೆ ಸವೆಯದ ದಾರಿ ನೀರಿಗೆ ಸೋಲುತ್ತದೆ: ಡಾಂಬರಿನ ನಡಿಗೆ ಪಥ ಬಾಳಬೇಕಾದರೆ

ಕೆರೆಯ ಸುತ್ತ, ಉದ್ಯಾನದೊಳಗೆ, ಕಾಲೇಜಿನ ಆವರಣದಲ್ಲಿ ಡಾಂಬರು ಹಾಕಿದ ನಡಿಗೆ ಪಥಗಳು ಈಗ ಸಣ್ಣ ಊರುಗಳಲ್ಲೂ ಕಾಣುತ್ತವೆ. ಹಾಕಿದ ವರ್ಷ ಕಪ್ಪಗೆ, ನುಣ್ಣಗೆ ಇರುತ್ತವೆ. ಕೆಲವೇ ಮಳೆಗಾಲಗಳಲ್ಲಿ ಅಂಚು ಮುರಿದು, ನಡುವೆ ಬಿರುಕು ಬಿಟ್ಟು, ಜಲ್ಲಿ ಎದ್ದು ಬಂದು, ವಯಸ್ಸಾದವರು ಪಥ ಬಿಟ್ಟು ಪಕ್ಕದ ಮಣ್ಣಿನ ಮೇಲೆ ನಡೆಯತೊಡಗುತ್ತಾರೆ. ಆಗ ಎಲ್ಲರ ಬಾಯಲ್ಲೂ ಒಂದೇ ಮಾತು: ಇನ್ನೊಂದು ಇಂಚು ಟಾರ್ ಹಾಕಿದ್ದರೆ ಹೀಗಾಗುತ್ತಿರಲಿಲ್ಲ.

ಬಹುಪಾಲು ಪಥಗಳ ಮಟ್ಟಿಗೆ ಈ ಮಾತು ತಪ್ಪು. ನಡಿಗೆ ಪಥ ಹಾಳಾಗುವುದು ಮೇಲಿನ ಪದರ ತೆಳುವಾದದ್ದರಿಂದಲ್ಲ. ಕೆಳಗೆ ನೀರು ನಿಂತದ್ದರಿಂದ, ಅಂಚಿಗೆ ಆಸರೆ ಇಲ್ಲದ್ದರಿಂದ, ಹೆದ್ದಾರಿಗೆಂದು ಮಾಡಿದ ಮಿಶ್ರಣವನ್ನು ಹಾಗೆಯೇ ತಂದು ಸುರಿದದ್ದರಿಂದ. ಹಣ ಖರ್ಚಾಗಬೇಕಾದ ಜಾಗ ಕಣ್ಣಿಗೆ ಕಾಣದ ಕೆಳಭಾಗ ಮತ್ತು ಪಕ್ಕಗಳು.

ಮೊದಲು ಭಾರದ ಲೆಕ್ಕ ನೋಡೋಣ. ಅಮೆರಿಕದ ಇಲಿನಾಯ್ ರಾಜ್ಯದ ಒಟ್ಟಾವಾ ಬಳಿ 1958ರಿಂದ 1960ರವರೆಗೆ ಲಾರಿಗಳನ್ನು ಸತತವಾಗಿ ಓಡಿಸಿ ರಸ್ತೆ ಹೇಗೆ ಹಾಳಾಗುತ್ತದೆ ಎಂದು ಅಳೆದರು. ಆಶೋ ರೋಡ್ ಟೆಸ್ಟ್ ಎಂದು ಹೆಸರಾದ ಆ ಪ್ರಯೋಗದಿಂದ ಹೊರಟ ಸೂತ್ರವನ್ನು ರಸ್ತೆ ಎಂಜಿನಿಯರ್‌ಗಳು ಇಂದಿಗೂ ಬಳಸುತ್ತಾರೆ: ಒಂದು ಆಕ್ಸಲ್ ಮೇಲಿನ ಭಾರ ಎರಡು ಪಟ್ಟಾದರೆ ರಸ್ತೆಗಾಗುವ ಹಾನಿ ಸುಮಾರು 16 ಪಟ್ಟಾಗುತ್ತದೆ. ಈ ಏರಿಕೆಯನ್ನು ಹಿಂದಕ್ಕೆ ಓದಿದರೆ ಮನುಷ್ಯನ ಕಾಲು ಲೆಕ್ಕಕ್ಕೇ ಬರುವುದಿಲ್ಲ. ದಿನಕ್ಕೆ ಸಾವಿರಾರು ಜನ ನಡೆದರೂ ಓಡಿದರೂ ಡಾಂಬರಿಗೆ ಏನೂ ಆಗದು. ಆದರೆ ಗಿಡಗಳಿಗೆ ನೀರು ಹಾಕಲು 5000 ಲೀಟರಿನ ಟ್ಯಾಂಕರ್ ಬಂದರೆ ನೀರೇ 5 ಟನ್ ತೂಗುತ್ತದೆ, ಗಾಡಿಯ ತೂಕ ಬೇರೆ. ಅದು ಮಳೆಗಾಲದಲ್ಲಿ ನೆನೆದ ಪಥದ ಅಂಚಿನ ಮೇಲೆ ಚಕ್ರ ಇಟ್ಟು ಒಮ್ಮೆ ಹಾದರೆ ಸಾಕು. ಹಾಗಾಗಿ ಪಥದ ದಪ್ಪ ನಿರ್ಧರಿಸುವ ಮೊದಲು ಕೇಳಬೇಕಾದ ಪ್ರಶ್ನೆ ಎಷ್ಟು ಜನ ನಡೆಯುತ್ತಾರೆ ಎಂಬುದಲ್ಲ, ಇದರ ಮೇಲೆ ಯಾವ ಗಾಡಿ ಬರುತ್ತದೆ ಎಂಬುದು. ಟ್ಯಾಂಕರ್, ಕಸದ ಆಟೊ, ಕೊಂಬೆ ಸಾಗಿಸುವ ಟ್ರ್ಯಾಕ್ಟರ್ ಬರುವುದೇ ಆದರೆ ಅದಕ್ಕೆ ತಕ್ಕಂತೆ ಕಟ್ಟಬೇಕು. ಬರಬಾರದು ಎಂದಾದರೆ ಬಾಗಿಲಲ್ಲಿ ಕಲ್ಲು ಕಂಬ ನೆಡಬೇಕು, ಗಾಲಿಕುರ್ಚಿ ದಾಟುವಷ್ಟು ಜಾಗ ಬಿಟ್ಟು.

ಮಣ್ಣಿನಿಂದ ಶುರು

ಕರ್ನಾಟಕದಲ್ಲಿ ಒಂದೇ ನಕ್ಷೆ ಎಲ್ಲ ಊರಿಗೂ ಆಗುವುದಿಲ್ಲ. ಬೆಂಗಳೂರು, ತುಮಕೂರು, ಕೋಲಾರದ ಕಡೆಯ ಗರಸು ಬೆರೆತ ಕೆಮ್ಮಣ್ಣು ಹದವಾಗಿ ನೀರು ಹಾಕಿ ರೋಲರ್ ಹೊಡೆದರೆ ಚೆನ್ನಾಗಿ ಕೂರುತ್ತದೆ. ಅದರ ಮೇಲೆ 150 ಮಿ.ಮೀ. ಜಲ್ಲಿಯ ತಳ, 50 ಮಿ.ಮೀ. ಡಾಂಬರು ಹಾಕಿದರೆ ನಡಿಗೆಗೂ ಅಪರೂಪಕ್ಕೆ ಬರುವ ಹಗುರ ಗಾಡಿಗೂ ಸಾಮಾನ್ಯವಾಗಿ ಸಾಕು. ವಿಜಯಪುರ, ಗದಗ, ಕಲಬುರಗಿ, ರಾಯಚೂರಿನ ಎರೆಮಣ್ಣಿನಲ್ಲಿ ಇದೇ ಅಳತೆ ಹಿಡಿದರೆ ಪಥ ಉಳಿಯದು. ಎರೆಮಣ್ಣಿನಲ್ಲಿರುವ ಮಾಂಟ್‌ಮೊರಿಲೊನೈಟ್ ಎಂಬ ಜೇಡಿ ಖನಿಜ ತನ್ನ ಪದರಗಳ ನಡುವೆ ನೀರು ಹೀರಿ ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗಿ ಕೈ ತೂರುವಷ್ಟು ಬಿರಿಯುತ್ತದೆ. ಮಣ್ಣಿನ ತಾಳಿಕೆಯನ್ನು ಅಳೆಯುವ ಸಿಬಿಆರ್ ಪರೀಕ್ಷೆಯಲ್ಲಿ ಮಾದರಿಯನ್ನು ನಾಲ್ಕು ದಿನ ನೀರಿನಲ್ಲಿಟ್ಟು ನೋಡುತ್ತಾರೆ. ಎರೆಮಣ್ಣಿನ ತಾಳಿಕೆ ಆಗ ಎಷ್ಟೋ ಸಲ ಗಟ್ಟಿ ಜಲ್ಲಿಯ ತಾಳಿಕೆಯ ಶೇ 2 ಅಥವಾ 3ಕ್ಕೆ ಇಳಿಯುತ್ತದೆ.

ಇದಕ್ಕೆ ಎರಡು ದಾರಿಗಳಿವೆ. ಒಂದು, ಮಣ್ಣಿಗೆ ಸುಣ್ಣ ಬೆರೆಸುವುದು. ತೂಕದಲ್ಲಿ ಶೇ 3ರಿಂದ 5ರಷ್ಟು ಸುಣ್ಣ ಸೇರಿದಾಗ ಜೇಡಿಯ ಪದರಗಳ ನಡುವಿನ ಸೋಡಿಯಂ ಜಾಗಕ್ಕೆ ಕ್ಯಾಲ್ಸಿಯಂ ಬಂದು ಕೂರುತ್ತದೆ, ಅಂಟು ಕಡಿಮೆಯಾಗಿ ಮಣ್ಣು ಪುಡಿಪುಡಿಯಾಗುತ್ತದೆ. ಇನ್ನೊಂದು, ಉಬ್ಬದ ಮಣ್ಣಿನ ಪದರವೊಂದನ್ನು ನಡುವೆ ಹಾಸುವುದು. ಐಐಟಿ ಬಾಂಬೆಯ ಪ್ರೊ. ಆರ್. ಕೆ. ಕಟ್ಟಿ ಅವರು ಎರೆಮಣ್ಣಿನ ನೆಲದಲ್ಲಿ ಕಾಲುವೆಗಳ ಲೈನಿಂಗ್ ಒಡೆಯುವುದನ್ನು ತಡೆಯಲು ಈ ವಿಧಾನವನ್ನು ರೂಪಿಸಿದರು. ಮಲಪ್ರಭಾ ಕಾಲುವೆಯಲ್ಲಿ ಅದು ಬಳಕೆಗೆ ಬಂತು. ಅಂಟು ಇರುವ, ಆದರೆ ಉಬ್ಬದ ಗರಸು ಮಣ್ಣಿನ ದಪ್ಪ ಹಾಸು ಕೆಳಗಿನ ಎರೆಮಣ್ಣಿನ ಏರಿಳಿತವನ್ನು ಮೇಲಕ್ಕೆ ಬಿಡುವುದಿಲ್ಲ. ಕಾಲುವೆಗೆ ಸಲ್ಲುವ ಈ ತತ್ವ ಪಥಕ್ಕೂ ಸಲ್ಲುತ್ತದೆ. ಬರೀ ಡಾಂಬರು ದಪ್ಪ ಮಾಡುವುದರಿಂದ ಎರೆಮಣ್ಣಿನ ಉಬ್ಬರ ತಡೆಯಲಾಗದು.

ಮೇಲ್ಮಣ್ಣು, ಬೇರು, ಹುಲ್ಲು, ಕಟ್ಟಡದ ತ್ಯಾಜ್ಯ ಎಲ್ಲವನ್ನೂ ತೆಗೆಯಬೇಕು ಎಂದು ಎಸ್ಟಿಮೇಟ್‌ನಲ್ಲಿ ಬರೆದಿರುತ್ತದೆ. ನಿಜವಾಗಿ ತೆಗೆದರೇ ಎಂದು ನೋಡುವವರು ಕಡಿಮೆ. ಮಣ್ಣಿನೊಳಗೆ ಉಳಿದ ಹುಲ್ಲು ಕೊಳೆತ ಕಡೆ ಪಥ ಕುಸಿಯುತ್ತದೆ. ಕುಸಿದಲ್ಲಿ ನೀರು ನಿಲ್ಲುತ್ತದೆ. ಮಿಕ್ಕದ್ದನ್ನು ನೀರು ನೋಡಿಕೊಳ್ಳುತ್ತದೆ.

ನೀರಿಗೆ ಹೊರದಾರಿ

ನಮ್ಮ ಊರುಗಳಲ್ಲಿ ಪಥ ಕಟ್ಟುವ ವಾಡಿಕೆಯ ಕ್ರಮ ಹೀಗಿದೆ: ಮಣ್ಣನ್ನು ಚೌಕಾಕಾರವಾಗಿ ಅಗೆದು, ಎರಡೂ ಬದಿಗೆ ಸಿಮೆಂಟಿನ ಕರ್ಬ್ ಕಲ್ಲು ನಿಲ್ಲಿಸಿ, ನಡುವೆ ಜಲ್ಲಿ ತುಂಬಿ, ಮೇಲೆ ಡಾಂಬರು ಎಳೆಯುವುದು. ನೋಡಲು ಅಚ್ಚುಕಟ್ಟು. ಆದರೆ ಕೆಳಗಿರುವುದು ಜೇಡಿಮಣ್ಣಾದರೆ ಆ ಜಲ್ಲಿಯ ತಳ ಕೊಟ್ಟಿಗೆಯ ಕಲಗಚ್ಚಿನ ಬಾನಿಯ ಹಾಗೆ ನೀರು ಹಿಡಿದಿಟ್ಟುಕೊಳ್ಳುತ್ತದೆ. ಬಿರುಕಿನಿಂದ ಇಳಿದದ್ದು, ಪಕ್ಕದ ಹುಲ್ಲುಹಾಸಿಗೆ ಬಿಟ್ಟ ನೀರು ಒಸರಿ ಬಂದದ್ದು, ಎಲ್ಲ ಅಲ್ಲೇ ಸೇರುತ್ತದೆ. ನೆನೆದ ತಳ ಬಲ ಕಳೆದುಕೊಳ್ಳುತ್ತದೆ, ಮೇಲೆ ಒಂದು ಗಾಡಿ ಬಂದಾಗ ಡಾಂಬರು ಬಾಗಿ ಒಡೆಯುತ್ತದೆ.

ಸರಿಯಾದ ಕ್ರಮದಲ್ಲಿ ಪಥದ ಮೇಲ್ಮೈ ಪಕ್ಕದ ನೆಲಕ್ಕಿಂತ ತುಸು ಎತ್ತರದಲ್ಲಿರುತ್ತದೆ, ಜಲ್ಲಿಯ ತಳ ಒಂದು ಬದಿಯಲ್ಲಾದರೂ ಹೊರಗಾಳಿಗೆ ತೆರೆದಿರುತ್ತದೆ ಅಥವಾ ಚರಂಡಿಗೆ ಸೇರಿರುತ್ತದೆ. ಅಡ್ಡ ಇಳಿಜಾರು ಶೇ 2 ಇರಬೇಕು. 2.5 ಮೀಟರ್ ಅಗಲಕ್ಕೆ ಇದು 50 ಮಿ.ಮೀ. ಇಳಿತ. ಇದಕ್ಕಿಂತ ಕಡಿಮೆಯಾದರೆ ನೀರು ನಿಲ್ಲುತ್ತದೆ, ಹೆಚ್ಚಾದರೆ ಗಾಲಿಕುರ್ಚಿ ಪಕ್ಕಕ್ಕೆ ಎಳೆಯುತ್ತದೆ. ನಡು ಎತ್ತರ ಮಾಡಿ ಎರಡೂ ಕಡೆ ಇಳಿಸುವುದಕ್ಕಿಂತ ಒಂದೇ ಕಡೆಗೆ ಇಳಿಸುವುದು ಕಿರಿದಾದ ಪಥದಲ್ಲಿ ಸುಲಭ, ಕೆಲಸಗಾರರ ಕೈಗೂ ಕೂರುತ್ತದೆ. ಕರ್ಬ್ ಬೇಕೇ ಬೇಕೆಂದರೆ ಇಳಿಜಾರಿನ ಕಡೆ ಅಲ್ಲಲ್ಲಿ ಕಿಂಡಿ ಬಿಡಿ.

ಎಷ್ಟು ನೀರಿನ ಮಾತು ಇದು ಎಂಬುದಕ್ಕೆ ಒಂದು ಲೆಕ್ಕ ಸಾಕು. 1 ಕಿ.ಮೀ. ಉದ್ದ, 2.5 ಮೀಟರ್ ಅಗಲದ ಪಥದ ಮೇಲೆ ಒಂದು ಸಂಜೆ 50 ಮಿ.ಮೀ. ಮಳೆ ಸುರಿದರೆ 1.25 ಲಕ್ಷ ಲೀಟರ್ ನೀರು. ಅದು ಒಂದೇ ಜಾಗದಲ್ಲಿ ಹರಿದು ಹೋಗುವಂತಾದರೆ ಅಲ್ಲಿ ಕೊರಕಲು ಬೀಳುತ್ತದೆ. ಕೆರೆ ಏರಿಯ ಮೇಲಿನ ಪಥದಲ್ಲಿ ಇದು ಪಥದ ಪ್ರಶ್ನೆಯಷ್ಟೇ ಅಲ್ಲ, ಏರಿಯ ಸುರಕ್ಷತೆಯದೂ ಹೌದು. ಅಲ್ಲಿ ನೀರು ಉದ್ದಕ್ಕೂ ತೆಳ್ಳಗೆ ಹರಡಿ ಹುಲ್ಲಿನ ಮೇಲೆ ಇಳಿಯಬೇಕು. ಏರಿ ಇನ್ನೂ ಕೂರುತ್ತಿದ್ದರೆ, ಅಂದರೆ ಇತ್ತೀಚೆಗೆ ಎತ್ತರಿಸಿದ್ದಾದರೆ, ಡಾಂಬರಿನ ಮಾತೇ ಬೇಡ. ಒಂದೆರಡು ಮಳೆಗಾಲ ಗರಸಿನ ದಾರಿಯಾಗಿಯೇ ಇರಲಿ. ಉದ್ದುದ್ದ ಬಿರುಕು ಬರುವುದು ಅಂಥ ಏರಿಗಳ ಮೇಲೆಯೇ.

ಅಂಚಿನ ವಿಷಯ ಇಲ್ಲೇ ಹೇಳಿಬಿಡುತ್ತೇನೆ, ಏಕೆಂದರೆ ಅದೂ ತಳದ್ದೇ ಕತೆ. ಡಾಂಬರು 2.5 ಮೀಟರ್ ಅಗಲವಿದ್ದರೆ ಕೆಳಗಿನ ಜಲ್ಲಿಯೂ ಅಷ್ಟೇ ಅಗಲ ಹಾಕುವುದು ವಾಡಿಕೆ. ಜಲ್ಲಿ ಎರಡೂ ಬದಿಗೆ ಕನಿಷ್ಠ 150 ಮಿ.ಮೀ. ಹೊರಚಾಚಿರಬೇಕು. ಇಲ್ಲದಿದ್ದರೆ ಅಂಚಿನ ಡಾಂಬರು ಸಡಿಲ ಮಣ್ಣಿನ ಮೇಲೆ ನಿಂತಿರುತ್ತದೆ. ಕೆಲಸ ಮುಗಿದ ಮೇಲೆ ಪಕ್ಕಕ್ಕೆ ಮಣ್ಣು ಏರಿಸಿ, ಗಟ್ಟಿ ಮಾಡಿ, ಹುಲ್ಲು ಹಿಡಿಸಬೇಕು. ಈ ಮಣ್ಣಿನ ಕೆಲಸ ಬಿಲ್ಲಿನಲ್ಲಿ ತೀರ ಚಿಕ್ಕ ಸಾಲು. ಎಲ್ಲಕ್ಕಿಂತ ಮೊದಲು ಕೈಬಿಡುವುದೂ ಅದನ್ನೇ.

ಹೆದ್ದಾರಿಯ ಮಿಶ್ರಣ ಇಲ್ಲಿಗೇಕೆ ಆಗದು

ಡಾಂಬರು ಎಂದು ನಾವು ಕರೆಯುವುದು ಕಚ್ಚಾ ತೈಲ ಶುದ್ಧೀಕರಿಸಿದ ಮೇಲೆ ತಳದಲ್ಲಿ ಉಳಿಯುವ ಬಿಟುಮೆನ್. ಮಂಗಳೂರಿನ ಎಂಆರ್‌ಪಿಎಲ್‌ನಲ್ಲೂ ಅದು ತಯಾರಾಗುತ್ತದೆ. ಪಥದ ಮೇಲಿನ ಪದರದಲ್ಲಿ ತೂಕದ ಲೆಕ್ಕದಲ್ಲಿ ಬಿಟುಮೆನ್ ಶೇ 5ರಿಂದ 6 ಮಾತ್ರ. ಮಿಕ್ಕದ್ದೆಲ್ಲ ಜಲ್ಲಿ, ಕಲ್ಲುಪುಡಿ.

ಹೆದ್ದಾರಿಯ ಭಯ ಒಂದು, ನಡಿಗೆ ಪಥದ ಭಯ ಇನ್ನೊಂದು. ಹೆದ್ದಾರಿಯಲ್ಲಿ ಬೇಸಿಗೆಯ ಬಿಸಿಗೆ ಮೆದುವಾದ ಡಾಂಬರು ಲಾರಿಯ ಚಕ್ರದಡಿ ಗಾಲಿಹಳ್ಳ ಬೀಳಬಾರದು. ಅದಕ್ಕಾಗಿ ಗಟ್ಟಿ ಬಿಟುಮೆನ್, ದಪ್ಪ ಜಲ್ಲಿ, ಬಿಗಿಯಾದ ಪ್ರಮಾಣ. ನಡಿಗೆ ಪಥದಲ್ಲಿ ಗಾಲಿಹಳ್ಳದ ಪ್ರಶ್ನೆಯೇ ಇಲ್ಲ. ಅಲ್ಲಿನ ರೋಗ ಮುಪ್ಪು. ಗಾಳಿಯ ಆಮ್ಲಜನಕ, ಬಿಸಿಲು ಸೇರಿ ಬಿಟುಮೆನ್ ವರ್ಷದಿಂದ ವರ್ಷಕ್ಕೆ ಗಡುಸಾಗುತ್ತದೆ, ಕಡೆಗೆ ಬಾಗಲಾರದೆ ಬಿರಿಯುತ್ತದೆ. ರಸ್ತೆಯಲ್ಲಿ ಟೈರುಗಳು ಸದಾ ಒತ್ತುತ್ತಿರುವುದರಿಂದ ಹೊಸ ಪದರ ಮತ್ತಷ್ಟು ಬಿಗಿಯಾಗುತ್ತದೆ, ಕೂದಲೆಳೆಯ ಬಿರುಕುಗಳು ಮುಚ್ಚಿಕೊಳ್ಳುತ್ತವೆ. ಪಥಕ್ಕೆ ಆ ಭಾಗ್ಯವಿಲ್ಲ. ರೋಲರ್ ಬಿಟ್ಟುಹೋದ ದಿನ ಎಷ್ಟು ಬಿಗಿಯೋ ಅಷ್ಟೇ.

ಆದ್ದರಿಂದ ನಡಿಗೆ ಪಥದ ಮಿಶ್ರಣದಲ್ಲಿ ಜಲ್ಲಿ ಸಣ್ಣದಿರಬೇಕು, ಬಿಟುಮೆನ್ ತುಸು ಹೆಚ್ಚಿರಬೇಕು, ಗಾಳಿಯ ರಂಧ್ರಗಳು ಕಡಿಮೆ ಇರಬೇಕು. ಹೆದ್ದಾರಿಯ ಮಿಶ್ರಣವನ್ನು ಸಾಮಾನ್ಯವಾಗಿ ಶೇ 4ರಷ್ಟು ರಂಧ್ರಕ್ಕೆ ಗುರಿಯಿಟ್ಟು ವಿನ್ಯಾಸ ಮಾಡುತ್ತಾರೆ. ಪಥಕ್ಕೆ ಶೇ 3ರ ಆಸುಪಾಸು ಒಳ್ಳೆಯದು. ನಮ್ಮ ಹೆದ್ದಾರಿ ಸಚಿವಾಲಯದ ನಿರ್ದಿಷ್ಟತೆಯಲ್ಲಿ ಇರುವುದರಲ್ಲಿ ಬಿಟುಮಿನಸ್ ಕಾಂಕ್ರೀಟ್ ಗ್ರೇಡ್ 2 ಇದಕ್ಕೆ ಹತ್ತಿರ: ದೊಡ್ಡ ಜಲ್ಲಿ ಸುಮಾರು 13 ಮಿ.ಮೀ., ಬಿಟುಮೆನ್ ಕನಿಷ್ಠ ಶೇ 5.4. ಟೆಂಡರ್‌ಗಳಲ್ಲಿ ಹೆಚ್ಚಾಗಿ ಕಾಣುವ ಅರೆದಟ್ಟ ಮಿಶ್ರಣ ಅಗ್ಗ. ಆದರೆ ಅದರ ರಂಧ್ರಗಳೊಳಗೆ ಇಳಿದ ನೀರು ಹೊರಬರಲಾಗದೆ ಸಿಕ್ಕಿಬೀಳುತ್ತದೆ. ಪಥಕ್ಕೆ ಅದನ್ನು ನಾನು ಒಪ್ಪಲಾರೆ.

ಬಿಟುಮೆನ್‌ನ ದರ್ಜೆಯಲ್ಲೂ ಊರಿನ ಹವೆ ನೋಡಬೇಕು. ವಿಜಿ-10, ವಿಜಿ-30, ವಿಜಿ-40 ಎಂಬ ಹೆಸರುಗಳು 60 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅದು ಎಷ್ಟು ಮಂದವಾಗಿರುತ್ತದೆ ಎಂಬುದನ್ನು ಹೇಳುತ್ತವೆ. ಸಂಖ್ಯೆ ದೊಡ್ಡದಾದಷ್ಟು ಗಡುಸು. ರಾಯಚೂರಿನ ಬೇಸಿಗೆಗೆ ವಿಜಿ-30 ಸರಿ. ಮಡಿಕೇರಿಯ ಉದ್ಯಾನವೊಂದರ ನಡಿಗೆ ಪಥಕ್ಕೆ ವಿಜಿ-10 ಸಾಕು. ಲಾರಿ ಓಡದ ಜಾಗದಲ್ಲಿ ಮೆದು ಬಿಟುಮೆನ್ ಹೆಚ್ಚು ಕಾಲ ಬಾಗುವ ಗುಣ ಉಳಿಸಿಕೊಳ್ಳುತ್ತದೆ.

ಕಲ್ಲಿನ ಜಾತಿಯ ಬಗ್ಗೆ ಪಥ ಕಟ್ಟುವವರು ಯೋಚಿಸುವುದು ಅಪರೂಪ. ಎಲ್ಲ ಕಲ್ಲೂ ಬಿಟುಮೆನ್ನನ್ನು ಒಂದೇ ರೀತಿ ಹಿಡಿಯುವುದಿಲ್ಲ. ಸಿಲಿಕಾ ಹೆಚ್ಚಿರುವ ಗ್ರಾನೈಟ್, ನೈಸ್ ಕಲ್ಲುಗಳಿಗೆ ನೀರಿನ ಮೇಲೆ ಒಲವು ಹೆಚ್ಚು. ತೇವ ಸಿಕ್ಕರೆ ನೀರು ಕಲ್ಲಿಗೂ ಡಾಂಬರಿಗೂ ನಡುವೆ ನುಸುಳಿ ಪೊರೆ ಕಳಚುತ್ತದೆ. ಬಸಾಲ್ಟ್, ಸುಣ್ಣದ ಕಲ್ಲು ಡಾಂಬರನ್ನು ಗಟ್ಟಿಯಾಗಿ ಹಿಡಿದುಕೊಳ್ಳುತ್ತವೆ. ಬೆಳಗಾವಿ, ವಿಜಯಪುರ, ಬೀದರ್ ಕಡೆ ದಖ್ಖನಿನ ಕರಿಕಲ್ಲು ಧಾರಾಳವಾಗಿದೆ, ಮಳೆ ಕಡಿಮೆ. ಮಲೆನಾಡಿನಲ್ಲಿ ಕ್ರಷರ್‌ನಿಂದ ಬರುವುದು ಹೆಚ್ಚಾಗಿ ನೈಸ್, ಗ್ರಾನೈಟ್ ಜಾತಿಯ ಜಲ್ಲಿ. ಅಲ್ಲೇ ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7000 ಮಿ.ಮೀ.ಗೂ ಹೆಚ್ಚು ಮಳೆ ಸುರಿಯುತ್ತದೆ. ಡಾಂಬರನ್ನು ಬೇಗ ಬಿಟ್ಟುಕೊಡುವ ಕಲ್ಲು, ಎಡೆಬಿಡದ ಮಳೆ ಎರಡೂ ಅಲ್ಲಿ ಒಂದೇ ಕಡೆ ಕೂಡಿಬಂದಿವೆ. ಇದಕ್ಕೆ ಮದ್ದು ದುಬಾರಿಯಲ್ಲ: ಕಲ್ಲುಪುಡಿಯ ಜಾಗದಲ್ಲಿ ಮಿಶ್ರಣದ ಶೇ 2ರಷ್ಟು ಅರಳಿದ ಸುಣ್ಣ ಸೇರಿಸಿದರೆ ಹಿಡಿತ ಗಣನೀಯವಾಗಿ ಹೆಚ್ಚುತ್ತದೆ. ಕರಾವಳಿ, ಮಲೆನಾಡಿನ ಯಾವ ಪಥದ ಟೆಂಡರ್‌ನಲ್ಲೂ ಈ ಒಂದು ಸಾಲು ಇರಲೇಬೇಕು.

ಹಾಕುವ ದಿನ

ಡಾಂಬರು ಹಾಕುವ ಕೆಲಸವೆಂದರೆ ಬಿಸಿಯ ಜೊತೆಗಿನ ಓಟ. ವಿಜಿ-30 ಬಳಸಿದ ಮಿಶ್ರಣ ಪ್ಲಾಂಟಿನಿಂದ 150ರಿಂದ 165 ಡಿಗ್ರಿಯಲ್ಲಿ ಹೊರಡುತ್ತದೆ. ಹಾಸುವಾಗ 140ಕ್ಕಿಂತ ಕೆಳಗಿಳಿದಿರಬಾರದು, ರೋಲರ್ ಕೆಲಸ 90ಕ್ಕೆ ಇಳಿಯುವ ಮೊದಲು ಮುಗಿಯಬೇಕು. ಪದರ ತೆಳುವಾದಷ್ಟೂ ಬೇಗ ತಣಿಯುತ್ತದೆ. ದಪ್ಪ ಅರ್ಧವಾದರೆ ಸಿಗುವ ಸಮಯ ಅರ್ಧಕ್ಕಿಂತಲೂ ಕಡಿಮೆ. 25 ಮಿ.ಮೀ. ಪದರ ಎಳೆದು ಹಣ ಉಳಿಸಲು ಹೊರಟವರಿಗೆ ರೋಲರ್ ಎರಡು ಸುತ್ತು ಬರುವಷ್ಟರಲ್ಲಿ ಅದು ತಣ್ಣಗಾಗಿರುತ್ತದೆ. ಪದರದ ದಪ್ಪ ದೊಡ್ಡ ಜಲ್ಲಿಯ ಕನಿಷ್ಠ ಮೂರು ಪಟ್ಟಿರಬೇಕು ಎಂಬ ನಿಯಮವೂ ಇದನ್ನೇ ಕಾಯುತ್ತದೆ. ತೀರ ತೆಳುವಾದರೆ ಜಲ್ಲಿಗಳು ಸರಿದು ಕೂರಲು ಜಾಗವಿಲ್ಲದೆ ರೋಲರ್ ಕೆಳಗೆ ಒಡೆಯುತ್ತವೆ.

ಬಿಗಿತ ಇಷ್ಟು ಮುಖ್ಯ ಏಕೆ? ಒಳಗೆ ಉಳಿದ ಗಾಳಿಯ ಪ್ರಮಾಣ ಶೇ 8 ದಾಟಿದರೆ ರಂಧ್ರಗಳು ಒಂದಕ್ಕೊಂದು ಸೇರಿ ನೀರು, ಗಾಳಿ ಒಳಗೆ ಓಡಾಡತೊಡಗುತ್ತವೆ. ಮುಪ್ಪು ಮೇಲಿನಿಂದಷ್ಟೇ ಅಲ್ಲ, ಒಳಗಿನಿಂದಲೂ ಬರುತ್ತದೆ. ಬಿಗಿತದಲ್ಲಿ ಶೇ 1 ಕಡಿಮೆಯಾದರೆ ಆಯುಷ್ಯ ಸುಮಾರು ಶೇ 10 ಕಡಿಮೆ ಎಂಬುದು ರಸ್ತೆ ಎಂಜಿನಿಯರ್‌ಗಳು ಒಪ್ಪಿಕೊಂಡ ಅಂದಾಜು.

ಭಾರತೀಯ ರಸ್ತೆ ಕಾಂಗ್ರೆಸ್ಸಿನ ಐಆರ್‌ಸಿ 103 ಮಾರ್ಗಸೂಚಿ ಪಾದಚಾರಿ ಮಾರ್ಗಕ್ಕೆ ಕನಿಷ್ಠ 1.8 ಮೀಟರ್ ಅಗಲ ಕೇಳುತ್ತದೆ. ಸಾಧ್ಯವಿದ್ದಲ್ಲಿ 2.5 ಮೀಟರ್ ಇಡಿ ಎನ್ನುತ್ತೇನೆ. ಇಬ್ಬರು ಜೋಡಿಯಾಗಿ ನಡೆಯುವಾಗ ಎದುರಿನವರು ದಾಟಲು ಅನುಕೂಲ ಎಂಬುದು ಒಂದು ಕಾರಣ. ಡಾಂಬರು ಹಾಸುವ ಸಣ್ಣ ಪೇವರ್ ಯಂತ್ರ ಒಳಗೆ ಬರಬಹುದು ಎಂಬುದು ಇನ್ನೊಂದು. ಕೈಯಲ್ಲಿ ಸಲಿಕೆ, ರೇಕ್ ಹಿಡಿದು ಹರಡುವಾಗ ದಪ್ಪ ಜಲ್ಲಿ ಒಂದು ಕಡೆ, ಪುಡಿ ಇನ್ನೊಂದು ಕಡೆ ಬೇರ್ಪಡುತ್ತದೆ. ದಪ್ಪ ಜಲ್ಲಿ ಗುಂಪಾದ ಕಡೆಯೇ ಮೊದಲು ಕಿತ್ತು ಬರುವುದು. ಕೈಯಲ್ಲೇ ಹರಡಬೇಕಾದಾಗ ಸಲಿಕೆಯಿಂದ ದೂರಕ್ಕೆ ಎಸೆಯದೆ, ಬೇಕಾದ ಜಾಗದಲ್ಲೇ ಸುರಿದು, ರೇಕ್ ಆಡಿಸುವುದನ್ನು ಆದಷ್ಟು ಕಡಿಮೆ ಮಾಡಬೇಕು. ಒಂದರಿಂದ ಮೂರು ಟನ್ನಿನ ಎರಡು ಡ್ರಮ್ಮಿನ ಕಂಪಿಸುವ ರೋಲರ್ ಪಥಕ್ಕೆ ಸರಿ. ರಸ್ತೆಯ 10 ಟನ್ನಿನ ರೋಲರ್ ಅಂಚನ್ನೇ ಮುರಿಯುತ್ತದೆ. ಡ್ರಮ್ಮಿಗೆ ಡಾಂಬರು ಅಂಟಬಾರದೆಂದು ಡೀಸೆಲ್ ಸವರುವ ಅಭ್ಯಾಸವನ್ನು ಕಂಡಲ್ಲಿ ನಿಲ್ಲಿಸಿ. ಡೀಸೆಲ್ ಬಿಟುಮೆನ್ನನ್ನು ಕರಗಿಸುತ್ತದೆ. ನೀರು ಚಿಮುಕಿಸಿದರೆ ಸಾಕು.

1 ಕಿ.ಮೀ. ಉದ್ದದ 2.5 ಮೀಟರ್ ಪಥಕ್ಕೆ 50 ಮಿ.ಮೀ. ದಪ್ಪದಲ್ಲಿ ಸುಮಾರು 290 ಟನ್ ಮಿಶ್ರಣ ಬೇಕು. ಅದರಲ್ಲಿ ಬಿಟುಮೆನ್ ಹತ್ತಿರಹತ್ತಿರ 16 ಟನ್. ಬಡಾವಣೆಯ ಸಂಘದವರು ಲಾರಿಗಳ ತೂಕದ ಚೀಟಿ ಕೂಡಿಸಿ ನೋಡಿದರೆ ದಪ್ಪ ಸರಿಯಿದೆಯೇ ಎಂಬುದು ಅಲ್ಲೇ ತಿಳಿಯುತ್ತದೆ, ಪಥ ಅಗೆದು ನೋಡಬೇಕಿಲ್ಲ. ಇದು ಯಾರನ್ನೂ ಅನುಮಾನಿಸುವ ಮಾತಲ್ಲ, ಕೆಲಸವನ್ನು ಗೌರವಿಸುವ ಕ್ರಮ.

ಮರಗಳಿದ್ದಲ್ಲಿ

ಬೇರು ಡಾಂಬರನ್ನು ಹುಡುಕಿಕೊಂಡು ಬಂದು ಎತ್ತುವುದಿಲ್ಲ. ಡಾಂಬರಿನ ಅಡಿ ಮಣ್ಣು ಒಣಗದೆ ತೇವವಾಗಿರುತ್ತದೆ, ಜಲ್ಲಿಗೂ ಮಣ್ಣಿಗೂ ನಡುವಿನ ಸಂದಿಯಲ್ಲಿ ಗಾಳಿಯೂ ಇರುತ್ತದೆ. ತೇವ, ಗಾಳಿ ಎರಡೂ ಸಿಕ್ಕ ಕಡೆ ಎಳೆ ಬೇರು ಹೋಗುತ್ತದೆ, ವರ್ಷ ಕಳೆದಂತೆ ದಪ್ಪವಾಗುತ್ತದೆ. ಬೇರು ಕಡಿದು ಸಮ ಮಾಡುವುದು ಮರವನ್ನು ಮುಂದಿನ ಗಾಳಿಮಳೆಗೆ ಬೀಳಿಸಲು ಸಿದ್ಧ ಮಾಡಿದಂತೆಯೇ. ಬೆಂಗಳೂರಿನ ಮಳೆಮರ, ಗುಲ್‌ಮೊಹರ್‌ಗಳ ಕೆಳಗೆ ದಿನವೂ ನಡೆಯುವವರ ತಲೆಯ ಮೇಲಿನ ಪ್ರಶ್ನೆ ಇದು. ದೆಹಲಿಯಲ್ಲಿ ಮರಗಳ ಸುತ್ತ 1 ಮೀಟರ್ ಕಾಂಕ್ರೀಟ್ ತೆಗೆಯುವಂತೆ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2013ರಲ್ಲಿ ಆದೇಶಿಸಿತ್ತು. ದೊಡ್ಡ ಮರಕ್ಕೆ ಅದೂ ಸಾಲದು.

ಪಥವನ್ನು ಬಾಗಿಸುವುದು ಎಲ್ಲಕ್ಕಿಂತ ಅಗ್ಗದ ಉಪಾಯ. ಬಾಗಿಸಲಾಗದ ಕಡೆ ತಳದಲ್ಲಿ ಪುಡಿಯಿಲ್ಲದ ದಪ್ಪ ಜಲ್ಲಿ ಹಾಕಿ. ಅದರಲ್ಲಿ ನೀರು ನಿಲ್ಲದ ಕಾರಣ ಬೇರು ಅದರೊಳಗೆ ಬೆಳೆಯದೆ ಕೆಳಗಿನ ಮಣ್ಣಿಗೆ ಇಳಿಯುತ್ತದೆ. ಹಳೆಯ ಮರದ ಬುಡದ ಹತ್ತಿರ ಹತ್ತು ಹನ್ನೆರಡು ಅಡಿಯಷ್ಟು ಉದ್ದ ಡಾಂಬರೇ ಬೇಡ, ಗಟ್ಟಿ ಮಾಡಿದ ಗರಸೋ ತೆಗೆದಿಡಬಹುದಾದ ಕಲ್ಲುಚಪ್ಪಡಿಯೋ ಇರಲಿ. ಅಂಗಡಿ ಬೀದಿಯ ಪಾದಚಾರಿ ಮಾರ್ಗಕ್ಕೂ ಇದೇ ಮಾತು: ಕೇಬಲ್, ಪೈಪಿಗಾಗಿ ಮತ್ತೆ ಮತ್ತೆ ಅಗೆಯುವ ಜಾಗಕ್ಕೆ ಡಾಂಬರು ತಕ್ಕುದಲ್ಲ. ಅಲ್ಲಿ ಎತ್ತಿ ಮತ್ತೆ ಕೂರಿಸಬಹುದಾದ ಕಲ್ಲೇ ಸರಿ.

ಬಿರುಕನ್ನು ಓದುವುದು

ಕೆಟ್ಟ ಪಥದ ಮೇಲೆ ಹೊಸದಾಗಿ 25 ಮಿ.ಮೀ. ಎಳೆಯುವುದು ನಮ್ಮಲ್ಲಿ ಎಲ್ಲಕ್ಕೂ ಬಳಸುವ ಮದ್ದು. ಕೆಳಗಿನ ಬಿರುಕು ಅದೇ ಗೆರೆಯಲ್ಲಿ ಮೇಲಕ್ಕೆ ಬರುತ್ತದೆ, ಅಂಚಿನಲ್ಲಿ ಮೆಟ್ಟಿಲಿನಂಥ ಇಳಿತ ಮಾತ್ರ ಹೆಚ್ಚುತ್ತದೆ. ಮೊದಲು ಬಿರುಕು ಏನು ಹೇಳುತ್ತಿದೆ ಎಂದು ನೋಡಬೇಕು. ಅಂಚಿಗೆ ಸಮಾನಾಂತರವಾಗಿ, ಒಂದಡಿ ಒಳಗೆ ಉದ್ದಕ್ಕೆ ಬಿರುಕಿದ್ದರೆ ಪಕ್ಕದ ಆಸರೆ ಹೋಗಿದೆ ಎಂದರ್ಥ. ಎರೆಮಣ್ಣಿನಲ್ಲಿ ಅಂಚು ನಡುಭಾಗಕ್ಕಿಂತ ಬೇಗ ಒಣಗಿದಾಗಲೂ ಹೀಗಾಗುತ್ತದೆ. ಮೊಸಳೆಯ ಚರ್ಮದಂತೆ ಸಣ್ಣ ಸಣ್ಣ ಚೌಕಗಳಾಗಿ ಒಡೆದಿದ್ದರೆ ತಳ ನೆನೆದಿದೆ. ಅಷ್ಟು ಭಾಗವನ್ನು ಜಲ್ಲಿಯ ಸಮೇತ ಅಗೆದು, ನೀರಿಗೆ ದಾರಿ ಮಾಡಿ, ಮತ್ತೆ ಕಟ್ಟದೆ ಬೇರೆ ಉಪಾಯವಿಲ್ಲ. ಅಡ್ಡಲಾಗಿ ಉಬ್ಬಿ ಬಿರಿದಿದ್ದರೆ ಕೆಳಗೆ ಬೇರಿದೆ. ಮೇಲ್ಮೈ ಬೂದು ಬಣ್ಣಕ್ಕೆ ತಿರುಗಿ ಜಲ್ಲಿಯ ಕಾಳುಗಳು ಉದುರುತ್ತಿದ್ದರೆ ಅದು ಮುಪ್ಪು.

ಮುಪ್ಪನ್ನು ಮುಂದೂಡಬಹುದು. ಮೇಲ್ಮೈ ಬೂದಾಗತೊಡಗಿದಾಗಲೇ, ಅಂದರೆ ಮೂರು ನಾಲ್ಕು ವರ್ಷಗಳ ಹೊತ್ತಿಗೆ, ತೆಳುಗೊಳಿಸಿದ ಬಿಟುಮೆನ್ ಎಮಲ್ಷನ್ (ನೀರಿನಲ್ಲಿ ಸಣ್ಣ ಹನಿಗಳಾಗಿ ಬೆರೆಸಿದ ಬಿಟುಮೆನ್) ಸಿಂಪಡಿಸಿದರೆ ಹೊಸ ಪೊರೆ ಕೂರುತ್ತದೆ. ಮೇಲೆ ತೆಳ್ಳಗೆ ಕಲ್ಲುಪುಡಿ ಉದುರಿಸಿ, ಒಣಗುವವರೆಗೆ ಪಥ ಮುಚ್ಚಿರಬೇಕು, ಇಲ್ಲದಿದ್ದರೆ ಜಾರುತ್ತದೆ. 3 ಮಿ.ಮೀ. ದಾಟಿದ ಪ್ರತಿ ಬಿರುಕನ್ನೂ ಮಳೆಗಾಲಕ್ಕೆ ಮೊದಲು, ಏಪ್ರಿಲ್ ಮೇ ತಿಂಗಳಲ್ಲಿ, ಕಸ ಊದಿ ತೆಗೆದು ಬಿಸಿ ಸೀಲಂಟ್ ತುಂಬಬೇಕು. ಮಲೆನಾಡು, ಕರಾವಳಿಯ ನೆರಳಿನ ಪಥಗಳಲ್ಲಿ ಎಲೆ ಗುಡಿಸುವುದೂ ನಿರ್ವಹಣೆಯೇ. ಕೊಳೆತ ಎಲೆ ತೇವ ಹಿಡಿಯುತ್ತದೆ, ಪಾಚಿ ಕಟ್ಟುತ್ತದೆ, ವಯಸ್ಸಾದವರು ಜಾರಿ ಬೀಳುವುದು ಅಂಥ ಕಡೆಯೇ. ಇಷ್ಟಕ್ಕೂ ಹಣ ಟೆಂಡರ್ ಕರೆಯುವ ದಿನವೇ, ಐದು ವರ್ಷದ ನಿರ್ವಹಣೆ ಎಂಬ ಪ್ರತ್ಯೇಕ ಬಾಬ್ತಿನಲ್ಲಿ, ಬಿರುಕು ತುಂಬುವುದು, ಅಂಚಿನ ಮಣ್ಣು ಏರಿಸುವುದು, ಚರಂಡಿಯ ಹೂಳು ತೆಗೆಯುವುದು ಎಂದು ಬಿಡಿಬಿಡಿಯಾಗಿ ಬರೆದಿರಬೇಕು.